ಒಂದೇ ಕೋಶದ ಸಂತತಿಯೇ?

ಕತ್ತಿನಲ್ಲಿ ಗಂಟು ಎದ್ದು ವಾರಗಟ್ಟಲೆ ಇಳಿಯದಿದ್ದರೆ ನಮ್ಮಲ್ಲಿ ಮೊದಲ ಗುಮಾನಿ ಟಿಬಿಯ ಮೇಲೆ. ಸೋಂಕಿನಿಂದ ಊದಿದ ದುಗ್ಧರಸ ಗ್ರಂಥಿಗೂ ಲಿಂಫೋಮಾ ಎಂಬ ಕ್ಯಾನ್ಸರ್‌ಗೂ ಹೊರನೋಟಕ್ಕೆ ವ್ಯತ್ಯಾಸ ತಿಳಿಯದು. ಬಯಾಪ್ಸಿ ಮಾಡಿಸಿದರೂ ಪೆಥಾಲಜಿಸ್ಟ್ ಖಚಿತವಾಗಿ ಹೇಳಲಾಗದ ಸಂದರ್ಭಗಳುಂಟು. ಆಗ ಏಳುವ ಪ್ರಶ್ನೆ: ಇಲ್ಲಿ ಕಿಕ್ಕಿರಿದ, ಪ್ರತಿಕಾಯ ತಯಾರಿಸುವ ಬಿ ಕೋಶಗಳು ನಾನಾ ಮೂಲದವೋ, ಒಂದೇ ಕೋಶದ ಸಂತತಿಯೋ?

ಇದಕ್ಕೆ ಉತ್ತರ ಪ್ರತಿಕಾಯದ ಜೀನ್‌ನಲ್ಲಿದೆ. ದೇಹದ ಕೋಶಗಳಲ್ಲೆಲ್ಲ ಡಿಎನ್‌ಎ ಒಂದೇ ಎಂಬ ಪಾಠಕ್ಕೆ ಬಿ ಕೋಶ ಅಪವಾದ ಎಂದು ಸುಸುಮು ತೊನೆಗವಾ ಮತ್ತು ನೊಬುಮಿಚಿ ಹೊಜುಮಿ 1976ರಲ್ಲಿ ಇಲಿಗಳಲ್ಲಿ ತೋರಿಸಿದರು. ನಮ್ಮ 14ನೇ ವರ್ಣತಂತುವಿನಲ್ಲಿ ವಿ, ಡಿ, ಜೆ ಎಂಬ ತುಣುಕುಗಳ ಮೂರು ಗುಂಪುಗಳಿವೆ. ಬೆಳೆಯುತ್ತಿರುವ ಬಿ ಕೋಶ ಪ್ರತಿ ಗುಂಪಿನಿಂದ ಒಂದನ್ನು ಆರಿಸಿ, ನಡುವಿನದನ್ನು ಕತ್ತರಿಸಿ ಜೋಡಿಸುತ್ತದೆ. ಜೋಡಣೆಯ ಜಾಗದಲ್ಲಿ ಟಿಡಿಟಿ ಎಂಬ ಕಿಣ್ವ ಯಾವ ಮೂಲಪ್ರತಿಯನ್ನೂ ನೋಡದೆ ಒಂದಷ್ಟು ಅಕ್ಷರ ತುರುಕುತ್ತದೆ. ಹಾಗಾಗಿ ಆ ಜಾಗ ಒಂದು ಕೋಶದಲ್ಲಿದ್ದಂತೆ ಇನ್ನೊಂದರಲ್ಲಿರುವುದು ತೀರಾ ಅಪರೂಪ. ಸೋಂಕಿನ ಗಂಟಿನ ಡಿಎನ್‌ಎ ಓದಿದರೆ ಬಗೆಬಗೆಯ ಜೋಡಣೆಗಳು ಸಿಗುತ್ತವೆ. ಲಿಂಫೋಮಾದಲ್ಲಿ ಒಂದೇ ಜೋಡಣೆ ಮತ್ತೆ ಮತ್ತೆ ಕಾಣುತ್ತದೆ.

ಹಾಗೆಂದು ಒಂದೇ ಸಂತತಿ ಕಂಡಿತೆಂದರೆ ಕ್ಯಾನ್ಸರ್ ಎನ್ನುವಂತಿಲ್ಲ. ಆರೋಗ್ಯವಾಗಿರುವ ವೃದ್ಧರ ರಕ್ತದಲ್ಲೂ ಇಂಥ ಸಣ್ಣ ಸಂತತಿ ಸಿಗಬಹುದು. ಬಯಾಪ್ಸಿ ಚೂರಿನಲ್ಲಿ ಬಿ ಕೋಶಗಳೇ ಬೆರಳೆಣಿಕೆಯಷ್ಟಿದ್ದರೆ ಫಲಿತಾಂಶ ದಾರಿತಪ್ಪಿಸುತ್ತದೆ. ಸೂಕ್ಷ್ಮದರ್ಶಕವನ್ನು ಬದಿಗಿಟ್ಟು ಈ ವರದಿಯೊಂದನ್ನೇ ನಂಬುವುದು ಅಪಾಯ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸಿಎಲ್‌ಎಲ್ ಎಂಬ ರಕ್ತಕ್ಯಾನ್ಸರ್. ಸೋಂಕನ್ನು ಎದುರಿಸುವಾಗ ಬಿ ಕೋಶ ತನ್ನ ಪ್ರತಿಕಾಯವನ್ನು ಹರಿತಗೊಳಿಸಲು ಅದರ ಜೀನ್‌ನಲ್ಲಿ ಬೇಕೆಂದೇ ತಿದ್ದುಪಡಿ ಮಾಡಿಕೊಳ್ಳುತ್ತದೆ. ಸಿಎಲ್‌ಎಲ್ ಕೋಶಗಳ ವಿ ತುಣುಕು ಹುಟ್ಟಿನಿಂದ ಬಂದ ಮೂಲಕ್ಕೆ ಶೇ 98 ಅಥವಾ ಹೆಚ್ಚು ಹೊಂದಿದರೆ ತಿದ್ದುಪಡಿ ಆಗಿಲ್ಲವೆಂದು ಲೆಕ್ಕ. ಅಂಥವರಲ್ಲಿ ರೋಗ ಬೇಗ ಉಲ್ಬಣಿಸುತ್ತದೆಂದು 1999ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ವರದಿ ಮಾಡಿದವು. ಕಾಯಿಲೆಯ ಹೆಸರು ಒಂದೇ ಆದರೂ ಒಬ್ಬರು ವರ್ಷಗಟ್ಟಲೆ ಔಷಧವಿಲ್ಲದೆ ಇರಬಲ್ಲರು, ಇನ್ನೊಬ್ಬರಿಗೆ ಬೇಗನೆ ಚಿಕಿತ್ಸೆ ಬೇಕಾಗುತ್ತದೆ.

ಚಿಕಿತ್ಸೆಯ ನಂತರವೂ ಅದೇ ಜೋಡಣೆಯನ್ನು ಹುಡುಕಿ, ಹತ್ತು ಲಕ್ಷ ಕೋಶಗಳಲ್ಲಿ ಅಡಗಿರುವ ಒಂದನ್ನೂ ಪತ್ತೆಹಚ್ಚಬಹುದು. ಇಂಥದೊಂದು ಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2018ರಲ್ಲಿ ಅನುಮತಿ ಕೊಟ್ಟಿತು. ಆದರೆ ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕಲ್ಲ! ಅದಕ್ಕೇ ಚಿಕಿತ್ಸೆ ಶುರುವಾಗುವ ಮುಂಚಿನ ರಕ್ತ, ಅಸ್ಥಿಮಜ್ಜೆ ಅಥವಾ ಬಯಾಪ್ಸಿಯ ಮಾದರಿಯನ್ನು ಎತ್ತಿಡಬೇಕು.