ಅಗಲ್ಚು: ಒಂದು ಕ್ರಿಯಾಪದದ ಅರ್ಥ ಮತ್ತು ಪ್ರಯೋಗ

ಇಬ್ಬರು ಪರಸ್ಪರ ದೂರವಾಗುವುದು ಒಂದು ಸಂಗತಿ. ಮೂರನೆಯವನೊಬ್ಬನು ಅವರನ್ನು ದೂರಮಾಡುವುದು ಇನ್ನೊಂದು. ಹಳಗನ್ನಡವು ಒಂದೇ ಧಾತುವಿನಿಂದ ಈ ಎರಡಕ್ಕೂ ಬೇರೆಬೇರೆ ರೂಪಗಳನ್ನು ಪಡೆದಿತ್ತು. ಅಗಲ್ ಎಂದರೆ ಬೇರೆಯಾಗು, ಬಿಟ್ಟುಹೋಗು. ಅಗಲ್ಚು ಎಂದರೆ ಬೇರೆಯಾಗುವಂತೆ ಮಾಡು. ಈ ಎರಡನೆಯ ರೂಪವು ಬಳಕೆಯಿಂದ ಜಾರಿದ ಮೇಲೆ ಅದರ ಕೆಲಸವನ್ನು ಯಾವ ಮಾತುಗಳು ವಹಿಸಿಕೊಂಡವು, ಆ ಹಸ್ತಾಂತರದಲ್ಲಿ ಅರ್ಥದ ಯಾವ ಅಂಶ ಮಸುಕಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶವು (1961, ಪರಿಷ್ಕೃತ ಆವೃತ್ತಿ 1984) ಅಗಲ್ ಎಂಬ ಕ್ರಿಯೆಯನ್ನೂ ವಿಸ್ತಾರವಾಚಿಯಾದ ಅಗಲ ಎಂಬ ನಾಮಪದವನ್ನೂ ಒಂದೇ ಮೂಲಕ್ಕೆ ಸೇರಿಸುತ್ತದೆ. ಎರಡು ಅಂಚುಗಳ ನಡುವೆ ತೆರಪು ಹೆಚ್ಚಿದರೆ ಅದು ಅಗಲ. ಎರಡು ಮನಸ್ಸುಗಳ ನಡುವೆ ಹೆಚ್ಚಿದರೆ ಅಗಲಿಕೆ. ತಮಿಳಿನಲ್ಲಿಯೂ ಅಗಲ್ ಎಂಬುದಕ್ಕೆ ಅಗಟ್ರು ಎಂಬ ಪ್ರೇರಣರೂಪವಿದೆ. ಕನ್ನಡದಲ್ಲಿ ಉರುಳ್-ಉರುಳ್ಚು, ಮರಳ್-ಮರಳ್ಚು, ಅರಳ್-ಅರಳ್ಚು ಎಂಬ ಜೋಡಿಗಳ ಸಾಲಿಗೆ ಅಗಲ್-ಅಗಲ್ಚು ಸೇರುತ್ತದೆ. ಮುಂದೆ ಇಸು ಪ್ರತ್ಯಯವು ವ್ಯಾಪಕವಾದಂತೆ ಇವು ಉರುಳಿಸು, ಮರಳಿಸು, ಅರಳಿಸು, ಅಗಲಿಸು ಎಂದಾದವು. ಮೊದಲಿನ ಮೂರು ತಮ್ಮ ಅರ್ಥವನ್ನು ಬಹುಮಟ್ಟಿಗೆ ಉಳಿಸಿಕೊಂಡವು. ಅಗಲಿಸು ಮಾತ್ರ ಕ್ರಮೇಣ ನಾಮಪದದ ಕಡೆಗೆ ವಾಲಿತು. ಇಂದು ನಾವು ಕಣ್ಣನ್ನೋ ಬಾಯನ್ನೋ ಅಗಲಿಸುತ್ತೇವೆ; ಗೆಳೆಯರನ್ನು ಅಗಲಿಸಿದನೆಂಬ ಮಾತು ಪದ್ಯದ ಹೊರಗೆ ವಿರಳ. ಮೂಲ ಕ್ರಿಯೆಯಾದರೂ ಹೆಚ್ಚಾಗಿ ಸಾವಿಗೆ ಮೀಸಲಾಗುತ್ತಿದೆ. 'ಪತ್ನಿ, ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ' ಎಂಬ ಪತ್ರಿಕಾ ವಾಕ್ಯದಲ್ಲಿ ಅದರ ದ್ವಿತೀಯಾ ವಿಭಕ್ತಿಯ ಪ್ರಯೋಗ ಹಾಗೆಯೇ ಉಳಿದುಬಂದಿದೆ.

ಈ ವಿಭಕ್ತಿಯ ವಿಷಯವನ್ನು ಕೊಂಚ ನಿಂತು ನೋಡಬೇಕು. ನಿದರ್ಶನಕ್ಕಾಗಿ ರಚಿಸಿದ ಎರಡು ವಾಕ್ಯಗಳನ್ನು ತೆಗೆದುಕೊಳ್ಳೋಣ: 'ಕೆಳೆಯರನಗಲ್ದಂ', 'ಕೆಳೆಯರನಗಲ್ಚಿದಂ'. ಎರಡರಲ್ಲಿಯೂ ಕರ್ಮ ಒಂದೇ, ವಿಭಕ್ತಿಯೂ ಒಂದೇ. ಆದರೆ ಮೊದಲನೆಯದರಲ್ಲಿ ಕರ್ತೃವು ಅಗಲಿಕೆಯ ಒಂದು ಪಕ್ಷ. ಗೆಳೆಯರನ್ನು ಬಿಟ್ಟು ತಾನೇ ಹೋಗಿದ್ದಾನೆ. ಎರಡನೆಯದರಲ್ಲಿ ಅವನು ಹೊರಗಿದ್ದಾನೆ. ಅಗಲಿದವರು ಗೆಳೆಯರು, ಅಗಲಿಸಿದವನು ಇವನು. ಅಂದರೆ ಅಗಲ್ ಇಬ್ಬರ ಕ್ರಿಯೆ, ಅಗಲ್ಚು ಮೂವರ ಕ್ರಿಯೆ.

ಮೂವರ ಈ ಕ್ರಿಯೆಗೆ ಕನ್ನಡದ ಪ್ರಸಿದ್ಧ ಕಥಾರೂಪವು ರೋಣದ ಸೀಮೆಯಿಂದಲೇ ಬಂದಿತೆಂಬುದು ಗಮನಾರ್ಹ. ಕರ್ನಾಟಕ ಪಂಚತಂತ್ರವನ್ನು ಕ್ರಿ.ಶ. 1031ರ ಸುಮಾರಿಗೆ ರಚಿಸಿದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು. ಅದನ್ನು ವಿದ್ವಾಂಸರು ರೋಣ ತಾಲ್ಲೂಕಿನ ಸವಡಿಯೆಂದು ಗುರುತಿಸಿದ್ದಾರೆ. ಅಬ್ಬಿಗೇರಿಯೂ ಇದೇ ಸೀಮೆಯ ಊರು. ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿದ ಈ ಕೃತಿಯ ಮೊದಲ ಪ್ರಕರಣದ ಹೆಸರೇ ಭೇದ. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಬೆಳೆದ ಸ್ನೇಹವನ್ನು ದಮನಕನೆಂಬ ನರಿಯು ಮುರಿಯುವ ಕಥೆ ಅದು. ದಮನಕನು ಬಲಪ್ರಯೋಗ ಮಾಡುವುದಿಲ್ಲ. ಒಬ್ಬನ ವಿಷಯವಾಗಿ ಇನ್ನೊಬ್ಬನ ಮನಸ್ಸಿನಲ್ಲಿ ಸಂಶಯವನ್ನು ಬಿತ್ತುತ್ತಾನೆ. ಆಮೇಲೆ ಪ್ರತಿಯೊಬ್ಬನೂ ಮತ್ತೊಬ್ಬನ ಸಹಜ ಚರ್ಯೆಯಲ್ಲಿಯೇ ಹಗೆತನದ ಗುರುತನ್ನು ಕಾಣುತ್ತಾನೆ. ಕಾಳಗ ನಡೆಯುವುದು ಇಬ್ಬರ ನಡುವೆ. ಅದನ್ನು ಆಗಿಸಿದವನು ರಂಗದಿಂದ ಹೊರಗಿರುತ್ತಾನೆ. ಅಗಲ್ಚು ಎಂಬ ಕ್ರಿಯಾಪದದ ವಾಕ್ಯರಚನೆಯೂ ಇದೇ. ದುರ್ಗಸಿಂಹನು ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಕೂಡಿಸುವ, ಕಾದಿಸುವ ಎರಡೂ ಕೆಲಸಗಳನ್ನು ಅಧಿಕಾರದಿಂದಲೇ ಬಲ್ಲವನಿಗೆ ಭೇದವು ಬರಿಯ ನೀತಿಪಾಠವಾಗಿ ಕಂಡಿರಲಾರದು.

ಸಾಮ, ದಾನ, ಭೇದ, ದಂಡಗಳಲ್ಲಿ ಮೂರನೆಯದಾದ ಈ ಭೇದದಿಂದ ಬಂದ ಭೇದಿಸು ಎಂಬ ಕ್ರಿಯೆಯದೂ ಹೆಚ್ಚುಕಡಿಮೆ ಅಗಲಿಸು ಎಂಬುದರ ಗತಿಯೇ ಆಗಿದೆ. ಈಗ ಕೋಟೆಯನ್ನು, ರಹಸ್ಯವನ್ನು, ಪೊಲೀಸರಾದರೆ ಪ್ರಕರಣವನ್ನು ಭೇದಿಸುತ್ತಾರೆ, ಸ್ನೇಹಿತರನ್ನು ಭೇದಿಸುವವರಿಲ್ಲ. ಎರವು ಎಂಬುದರ ದಾರಿ ಬೇರೆ. ಕಡವಾಗಿ ತಂದದ್ದು ತನ್ನದಲ್ಲ ಎಂಬ ಅರ್ಥದಿಂದ ಹೊರಟು, ತಾಯಿಯ ಪ್ರೀತಿಗೆ ಎರವಾದನು ಎಂಬಲ್ಲಿ ವಂಚಿತನಾದನೆಂಬ ಅರ್ಥಕ್ಕೆ ಅದು ಬಂದಿತು. ಆದರೆ ಅಲ್ಲಿಯೂ ಮಾಡಿದವನು ಕಾಣುವುದಿಲ್ಲ.

ಆಡುಮಾತು ಈ ವಿಷಯದಲ್ಲಿ ಶಿಷ್ಟಭಾಷೆಗಿಂತ ನಿಷ್ಠುರ. ಅಬ್ಬಿಗೇರಿ, ನರೇಗಲ್ಲ, ರೋಣದ ಕಡೆಯ ಮಾತಿನಲ್ಲಿ ಅಣ್ಣತಮ್ಮಂದಿರು 'ಬ್ಯಾರಿ ಆದರು' ಎಂದರೆ ಹೊಲಮನೆಗಳೂ ಒಲೆಯೂ ಪಾಲಾದವು ಎಂದಷ್ಟೇ ಅರ್ಥ, ಅದರಲ್ಲಿ ದ್ವೇಷವಿರಲೇಬೇಕೆಂದಿಲ್ಲ. 'ಬ್ಯಾರಿ ಮಾಡಿದರು' ಎಂದೊಡನೆ ಕೇಳುವವನು ಯಾರು ಎಂದು ಕೇಳುತ್ತಾನೆ. 'ಮನಿ ಮುರದರು' ಎಂಬಲ್ಲಿ ಆರೋಪವು ಇನ್ನೂ ಸ್ಪಷ್ಟ. ಮನೆಮುರುಕ ಎಂಬ ಕರ್ತೃವಾಚಕವೇ ಅದರಿಂದ ಹುಟ್ಟಿದೆ. ಆ ಬೈಗುಳವು ಬಹಳ ಸಲ ಹೊರಗಿನಿಂದ ಬಂದ ಸೊಸೆಯ ಮೇಲೆಯೇ ಬೀಳುವುದನ್ನು ಮರೆಯುವಂತಿಲ್ಲ. ಕರ್ತೃವನ್ನು ಹೆಸರಿಸುವ ಭಾಷೆ ನಿರಪರಾಧಿಯನ್ನೂ ಹೆಸರಿಸಬಲ್ಲುದು.

ಇದಕ್ಕೆ ವಿರುದ್ಧವಾಗಿ ಇಂದಿನ ಬರವಣಿಗೆಯಲ್ಲಿ 'ದೂರವಾದರು', 'ಸಂಬಂಧ ಹಳಸಿತು', 'ಸಮುದಾಯದಿಂದ ಹೊರಗುಳಿದರು' ಎಂಬ ಅಕರ್ಮಕ ರೂಪಗಳೇ ರೂಢಿ. ದೂರಮಾಡು ಎಂಬ ಸಕರ್ಮಕವಿದ್ದರೂ ಅದು ಸಂದಿಗ್ಧ: 'ಅವನು ನನ್ನನ್ನು ದೂರಮಾಡಿದನು' ಎಂದರೆ ತನ್ನಿಂದಲೋ ಇನ್ನೊಬ್ಬರಿಂದಲೋ ತಿಳಿಯದು. ಊರು ಒಂದು ಕುಟುಂಬವನ್ನು ಹೊರಗಿಟ್ಟ ಪ್ರಸಂಗದಲ್ಲಿ ಹೊರಗುಳಿದರು ಎಂದು ಬರೆದರೆ, ಇಟ್ಟವರು ವಾಕ್ಯದಿಂದ ಪಾರಾಗುತ್ತಾರೆ. ಬಹಿಷ್ಕಾರ 'ಹಾಕಿದರು' ಎಂಬ ಜನರ ಮಾತು ಹಾಗಲ್ಲ. ದಂಡ ಹಾಕಿದಂತೆ ಅದನ್ನೂ ಯಾರೋ ಕುಳಿತು ಹಾಕಿದ್ದಾರೆಂಬುದು ಅದರಲ್ಲಿ ಉಳಿದಿದೆ.

ಹಳಗನ್ನಡ ಪಠ್ಯಗಳಿಗೆ ಅರ್ಥಕೋಶ ಸಿದ್ಧಪಡಿಸುವವರು ಅಗಲ್ಚು ಎಂಬುದರ ಮುಂದೆ 'ಬೇರ್ಪಡಿಸು' ಎಂದಷ್ಟೇ ಬರೆದು ನಿಲ್ಲುವುದು ಆದ್ದರಿಂದ ಸಾಲದು. ಅಕ್ಕಿಯಿಂದ ಕಲ್ಲನ್ನೂ ಬೇರ್ಪಡಿಸಬಹುದು. ಯಾರು, ಯಾರನ್ನು, ಯಾರಿಂದ ಎಂಬ ಮೂರು ಸ್ಥಾನಗಳನ್ನೂ ಪ್ರಯೋಗಸಹಿತ ತೋರಿಸಬೇಕು. ಅಗಲ್ಚಿ ಎಂಬುದನ್ನು ಅಗಲಿ ಎಂದು ಓದಿಬಿಟ್ಟರೆ, ಗೆಳೆಯರನ್ನು ಒಡೆದವನು ಗೆಳೆಯರನ್ನು ಕಳೆದುಕೊಂಡವನಾಗಿಬಿಡುತ್ತಾನೆ.