ರಿಪೋರ್ಟ್ ನಾರ್ಮಲ್, ಬೆರಳು ಮಾತ್ರ ಮಡಚದು

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಂಥ ಊರಿನಲ್ಲಿ ಸೋರಿಯಾಸಿಸ್ ಇದ್ದವರ ಬೆರಳು ಊದಿಕೊಂಡರೆ, ಹಿಮ್ಮಡಿ ನೋಯತೊಡಗಿದರೆ, ಅದಕ್ಕೂ ಚರ್ಮದ ಹುರುಪೆಗೂ ನಂಟಿದೆಯೆಂದು ಸುಲಭಕ್ಕೆ ಹೊಳೆಯುವುದಿಲ್ಲ. ಚರ್ಮಕ್ಕೊಂದು ಮುಲಾಮು, ಕೀಲಿಗೊಂದು ನೋವಿನ ಮಾತ್ರೆ. ಆದರೆ ಸೋರಿಯಾಸಿಸ್ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಕೀಲುವಾತವೂ ಬರುತ್ತದೆ ಎಂಬುದು ಜಾಗತಿಕ ಅಂದಾಜು. ಇದೇ ಸೋರಿಯಾಟಿಕ್ ಸಂಧಿವಾತ.

ಇದನ್ನು ರಕ್ತಪರೀಕ್ಷೆಯೊಂದರಿಂದಲೇ ಹಿಡಿಯಲು ಆಗದು. ರುಮಟಾಯ್ಡ್ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್. ಉರಿಯೂತ ತೋರಿಸಬೇಕಾದ ಸಿಆರ್‌ಪಿ, ಇಎಸ್‌ಆರ್ ಕೂಡ ಎಷ್ಟೋ ಜನರಲ್ಲಿ ನಾರ್ಮಲ್. ಆಗ ರೋಗ ಎಷ್ಟು ಚುರುಕಾಗಿದೆ ಎಂದು ತಿಳಿಯಲು ರೋಗಿಯನ್ನೇ ಕೇಳಬೇಕು.

ಅದು ಬರೀ ಉಪಚಾರದ ಮಾತಲ್ಲ. ರೋಗ ಹತೋಟಿಯಲ್ಲಿದೆಯೇ ಎಂದು ನಿರ್ಧರಿಸಲು 2010ರಲ್ಲಿ ರೂಪಿಸಿದ ಮಾನದಂಡದಲ್ಲಿ ಏಳು ಅಂಶಗಳಿವೆ, ಐದಾದರೂ ಸರಿಯಿರಬೇಕು. ಏಳರಲ್ಲಿ ಮೂರು ರೋಗಿಯೇ ಹೇಳುವಂಥವು: ನೋವು, ಒಟ್ಟಾರೆ ಸ್ಥಿತಿ, ದಿನದ ಕೆಲಸ ಮಾಡುವ ಶಕ್ತಿ. ಯುರೋಪಿನ ಯುಲಾರ್ ಸಂಘಟನೆ ರೋಗಿಗಳನ್ನೂ ಜೊತೆಗೆ ಕೂರಿಸಿಕೊಂಡು ಸಿದ್ಧಪಡಿಸಿ 2014ರಲ್ಲಿ ಪ್ರಕಟಿಸಿದ ‘ಪಿಎಸ್‌ಎಐಡಿ’ ಪ್ರಶ್ನಾವಳಿ ಇನ್ನೂ ಮುಂದೆ ಹೋಯಿತು. ಅದರ ಹನ್ನೆರಡು ಪ್ರಶ್ನೆಗಳಲ್ಲಿ ನೋವಿಗೆ ಎಲ್ಲಕ್ಕಿಂತ ಹೆಚ್ಚು ತೂಕ. ಆಯಾಸ, ನಿದ್ದೆಗೇಡು, ಭಯ, ನಾಲ್ವರ ಎದುರು ತೋಳು ಮುಚ್ಚಿಕೊಳ್ಳುವ ನಾಚಿಕೆ, ಇವಕ್ಕೂ ಅಂಕವಿದೆ. ಹತ್ತಕ್ಕೆ ನಾಲ್ಕು ದಾಟಿದರೆ ಸ್ಥಿತಿ ಸಹಿಸುವಂಥದ್ದಲ್ಲ ಎಂದರ್ಥ.

ಪ್ರಶ್ನೆ ಮಾತ್ರ ನಮ್ಮ ಬದುಕಿಗೆ ಹೊಂದಬೇಕು. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ ಬಂದ, ದಿನದ ಕೆಲಸದ ಶಕ್ತಿ ಅಳೆಯುವ ಎಚ್‌ಎಕ್ಯೂ ಪ್ರಶ್ನಾವಳಿ ಟಬ್ಬಿನಲ್ಲಿ ಸ್ನಾನ ಮಾಡಬಲ್ಲಿರಾ, ಕಾರಿನ ಬಾಗಿಲು ತೆರೆಯಬಲ್ಲಿರಾ ಎಂದು ಕೇಳುತ್ತಿತ್ತು. ಭಾರತೀಯ ವೈದ್ಯರು ರುಮಟಾಯ್ಡ್ ಸಂಧಿವಾತದ ರೋಗಿಗಳಿಗಾಗಿ ಅದನ್ನು ತಿದ್ದಿ 2002ರಲ್ಲಿ ಪ್ರಕಟಿಸಿದರು. ಸೀರೆ ಉಡಲು, ಪಂಚೆ ಕಟ್ಟಲು ಆಗುತ್ತದೆಯೇ? ಕುಕ್ಕರಗಾಲಲ್ಲಿ ಕೂರಬಲ್ಲಿರಾ, ನೆಲದ ಮೇಲೆ ಚಕ್ಕಂಬಕ್ಕಲು ಹಾಕಬಲ್ಲಿರಾ? ಆಟೋ ಹತ್ತಿ ಇಳಿಯಲು, ಮೂರು ಕಿಲೋಮೀಟರ್ ನಡೆಯಲು ಸಾಧ್ಯವೇ? ಎಂಥ ಒಳ್ಳೆಯ ತಿದ್ದುಪಡಿ! ಹೊಳಲ್ಕೆರೆ ಸೀಮೆಯಲ್ಲಾದರೆ ಇನ್ನೆರಡು ಸೇರಿಸಬಹುದು: ಅಡಿಕೆ ಸುಲಿಯಲು ಬೆರಳು ಮಡಚುತ್ತದೆಯೇ, ಮುದ್ದೆ ತಿರುವಲು ಮಣಿಕಟ್ಟು ಒಪ್ಪುತ್ತದೆಯೇ? ಇಂಥ ಪ್ರಶ್ನೆಗೆ ಅಜ್ಜಿಯೂ ತಡವರಿಸದೆ ಉತ್ತರಿಸುತ್ತಾಳೆ. ‘ನೋವು ಹತ್ತಕ್ಕೆ ಎಷ್ಟು?’ ಎಂದರೆ ಹಳ್ಳಿಯ ಹಲವರು ಸುಮ್ಮನಾಗಬಹುದು.

ದೂರದ ಊರಿನವರಿಗೆ ಹೀಗೆ ರೋಗಿಯನ್ನೇ ಕೇಳುವುದರ ಬೆಲೆ ಇನ್ನೂ ಹೆಚ್ಚು. ತಜ್ಞರನ್ನು ಕಾಣುವುದು ತಿಂಗಳುಗಳಿಗೊಮ್ಮೆ. ಅಂದು ನೋವು ಕಡಿಮೆಯಿದ್ದರೆ ನಡುವಿನ ಕೆಟ್ಟ ವಾರಗಳು ದಾಖಲೆಗೇ ಬರುವುದಿಲ್ಲ. ಬೆಳಗ್ಗೆ ಬಿಗಿತ ಎಷ್ಟು ಹೊತ್ತು ಇತ್ತು, ಯಾವ ಕೆಲಸ ನಿಂತಿತು ಎಂದು ಮನೆಯವರು ವಾರಕ್ಕೊಮ್ಮೆ ಬರೆದಿಟ್ಟರೆ ವೈದ್ಯರಿಗೆ ಔಷಧಿ ಬದಲಿಸಲು ಆಧಾರ ಸಿಗುತ್ತದೆ. ತಡವಾದರೆ ಸವೆದ ಕೀಲು ಮತ್ತೆ ಮೊದಲಿನಂತಾಗದು.

ಸೋರಿಯಾಸಿಸ್ ಇದ್ದು ಸಂಧಿವಾತ ಇನ್ನೂ ಪತ್ತೆಯಾಗದವರಿಗೆ ‘ಪೆಸ್ಟ್’ ಎಂಬ ಐದು ಪ್ರಶ್ನೆಗಳ ಚಿಕ್ಕ ಪಟ್ಟಿಯಿದೆ. ಕೀಲು ಎಂದಾದರೂ ಊದಿತ್ತೇ? ಸಂಧಿವಾತವೆಂದು ವೈದ್ಯರು ಹೇಳಿದ್ದರೇ? ಉಗುರಿನಲ್ಲಿ ಸಣ್ಣ ಕುಳಿಗಳಿವೆಯೇ? ಹಿಮ್ಮಡಿ ನೋಯುತ್ತಿತ್ತೇ? ಕಾರಣವಿಲ್ಲದೆ ಒಂದು ಬೆರಳು ಪೂರ್ತಿ ಊದಿ ನೋಯುತ್ತಿತ್ತೇ? ಮೂರಕ್ಕೆ ಹೌದು ಎಂದರೆ ವಾತರೋಗ ತಜ್ಞರಿಗೆ ತೋರಿಸಬೇಕು. ಚರ್ಮದ ಮುಲಾಮು ಬರೆದುಕೊಡುವ ಪ್ರತಿ ಮೇಜಿನಲ್ಲೂ ಈ ಪಟ್ಟಿ ಕನ್ನಡದಲ್ಲಿ ಇರಬೇಕು. ಆಶಾ ಕಾರ್ಯಕರ್ತೆಯರ ಕೈಯಲ್ಲೂ.