ತೆಳುಗೋಡೆ ಎಷ್ಟೆತ್ತರ ನಿಂತೀತು?

ತೆಳುವಾದ ಅಡಿಕೋಲೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ತಲೆಯನ್ನು ಅಂಗೈಯಿಂದ ಒತ್ತೋಣ. ಮೊದಲು ಅಲುಗದೆ ನಿಲ್ಲುವ ಕೋಲು, ಒತ್ತಡ ಹೆಚ್ಚಿದಂತೆ ಥಟ್ಟನೆ ಬಿಲ್ಲಿನಂತೆ ಬಾಗುತ್ತದೆ. ಮರವೇನೂ ಜಜ್ಜಿಹೋಗಲಿಲ್ಲ, ನೆಟ್ಟಗೆ ನಿಲ್ಲುವ ಶಕ್ತಿಯಷ್ಟೇ ಸೋತಿತು. ಎತ್ತರವಾದ ತೆಳುಗೋಡೆಗೆ ಒದಗುವ ಅಪಾಯವೂ ಇಂತಹುದೇ.

ಇದರ ಗಣಿತಕ್ಕೆ 1744ರಲ್ಲಿ ತಳಹದಿ ಹಾಕಿದವನು ಆಯ್ಲರ್. ದಪ್ಪ ಅಷ್ಟೇ ಇದ್ದು ಎತ್ತರ ಇಮ್ಮಡಿಯಾದರೆ, ಗೋಡೆ ಬಾಗದೆ ತಾಳಬಲ್ಲ ಹೊರೆ ಕಾಲುಭಾಗಕ್ಕೆ ಇಳಿಯುತ್ತದೆ. ಎತ್ತರ ಅಷ್ಟೇ ಇದ್ದು ದಪ್ಪ ಅರ್ಧವಾದರೆ, ಎಂಟರಲ್ಲಿ ಒಂದು ಭಾಗಕ್ಕೆ.

ನಿಜವಾದ ಗೋಡೆಯನ್ನು ಗಾಳಿಯೂ ಭೂಕಂಪವೂ ಮಗ್ಗುಲಿನಿಂದ ನೂಕುತ್ತವೆ. ಗಾಳಿಯಿಂದ ಗೋಡೆಯ ನಡು ಒಂದು ಅಂಗುಲ ಹೊರಗೆ ಸರಿಯಿತೆನ್ನೋಣ. ಈಗ ಚಾವಣಿಯ ಹೊರೆ ಗೋಡೆಯ ನಡುವಿಗೆ ನೇರವಾಗಿಲ್ಲ. ಹೊರೆಯನ್ನು ಸರಿದ ದೂರದಿಂದ ಗುಣಿಸಿದರೆ ದೊರೆಯುವ ಭ್ರಾಮಕವು ಗೋಡೆಯನ್ನು ಇನ್ನೂ ಕಾಲು ಅಂಗುಲ ಬಾಗಿಸಿತೆಂದರೆ, ಆ ಕಾಲು ಅಂಗುಲ ಮತ್ತೆ ಹದಿನಾರನೆಯ ಒಂದು ಅಂಗುಲವನ್ನು ತರುತ್ತದೆ. ಹೀಗೆ ಕೂಡುತ್ತ ಹೋದರೆ ಮೊತ್ತ ಒಂದೂಮೂರನೆಯ ಒಂದು ಅಂಗುಲಕ್ಕೆ ನಿಲ್ಲುತ್ತದೆ, ಗೋಡೆಯೂ ನಿಲ್ಲುತ್ತದೆ. ಆದರೆ ಪ್ರತಿ ಸಲದ ಬಾಗು ಹಿಂದಿನದಕ್ಕೆ ಸಮವಾದರೆ ಮೊತ್ತಕ್ಕೆ ಕೊನೆಯೇ ಇಲ್ಲ. ಆಯ್ಲರನ ಮಿತಿ ಅದೇ!

ಕಾಂಕ್ರೀಟು, ಇಟ್ಟಿಗೆಗಳು ಅದುಮುವಿಕೆಗೆ ಗಟ್ಟಿ, ಎಳೆತಕ್ಕೆ ದುರ್ಬಲ. ಬಾಗಿದ ಮೈ ಬಿರುಕುಬಿಟ್ಟೊಡನೆ ಗೋಡೆಯ ಬಿಗಿ ತಗ್ಗಿ, ಬಾಗು ಬೇಗ ಬೆಳೆಯುತ್ತದೆ. ಎಳೆತವನ್ನು ಒಳಗಿನ ಉಕ್ಕಿನ ಸರಳುಗಳೇ ಹೊರಬೇಕು. ಆದುದರಿಂದ ಬಿರುಕುಬಿಟ್ಟ ಗೋಡೆಯ ಬಿಗಿಯನ್ನೇ ಹಿಡಿದು ಲೆಕ್ಕಮಾಡಬೇಕು.

ಈ ತೊಡಕನ್ನು ತಪ್ಪಿಸಲೆಂದೇ ಅಮೆರಿಕದ ಕಟ್ಟಡ ನಿಯಮಗಳಲ್ಲಿ, ಹೊರೆ ಹೊರುವ ಗೋಡೆಯ ಎತ್ತರ ಸಾಮಾನ್ಯವಾಗಿ ದಪ್ಪದ 25 ಪಟ್ಟನ್ನು ಮೀರಬಾರದೆಂಬ ಸರಳ ಕಟ್ಟಳೆಯಿತ್ತು. ದಕ್ಷಿಣ ಕ್ಯಾಲಿಫೋರ್ನಿಯದ ಇಂಜಿನಿಯರುಗಳು ಅದನ್ನು ಪರೀಕ್ಷೆಗೊಡ್ಡಿದರು. ಸುಮಾರು 24 ಅಡಿ ಎತ್ತರದ 30 ಗೋಡೆಗಳನ್ನು ಕಟ್ಟಿ, ಮೇಲೆ ಹೊರೆಯಿಟ್ಟು, ಗಾಳಿ ತುಂಬಿದ ಚೀಲದಿಂದ ಮಗ್ಗುಲಿಗೆ ಒತ್ತಿದರು. ಕೆಲವುಗಳ ಎತ್ತರ ದಪ್ಪದ ಸುಮಾರು 60 ಪಟ್ಟಿತ್ತು! ಅಂಗುಲಗಟ್ಟಲೆ ಬಾಗಿದರೂ ಅವು ಬಳುಕಿ ಕುಸಿಯಲಿಲ್ಲ. 1982ರ ವರದಿಯ ತಾತ್ಪರ್ಯವಿಷ್ಟೇ: ಗೊತ್ತಾದ ಪಟ್ಟಿಯ ಮಿತಿ ಬೇಡ, ಬಾಗನ್ನು ಎಣಿಸಿ, ಅದಕ್ಕೆ ಮಿತಿ ಹಾಕಬೇಕು.

ಆದರೆ ಈ ಲೆಕ್ಕವೆಲ್ಲ ಗೋಡೆಯ ತಲೆಯೂ ಬುಡವೂ ಭದ್ರವಾಗಿವೆಯೆಂದು ನಂಬಿದೆ. 1971ರ ಸ್ಯಾನ್ ಫರ್ನಾಂಡೋ ಭೂಕಂಪದಲ್ಲಿ ಎಷ್ಟೋ ಕಾಂಕ್ರೀಟು ಗೋಡೆಗಳು ಚಾವಣಿಯಿಂದ ಕಳಚಿಕೊಂಡುವು, ಚಾವಣಿಗಳು ಕುಸಿದುವು. ಗೋಡೆ ತೆಳುವಾದಷ್ಟೂ ಲೆಕ್ಕ ಸೂಕ್ಷ್ಮವಾಗಬೇಕು, ಕಟ್ಟು ಬಿಗಿಯಾಗಬೇಕು. ಅದರ ನೆರಳಲ್ಲಿ ದುಡಿಯುವವರ ಪ್ರಾಣ ಇವೆರಡನ್ನೂ ನಂಬಿರುತ್ತದೆ.